ಎರಡು ಸಾವಿರದ ದಂಡ, ನಾಲ್ಕೆಕರೆ ಎರಿ ಹೊಲ

2024ರ ತುಳಸಿ ಲಗ್ನ ಆಗಿ ಒಂದು ವಾರ ಆಗಿತ್ತು ನೋಡ್ರಿ. ಹುಬ್ಬಳ್ಳಿಯೊಳಗ ನಮ್ಮ ನಾದಿನಿ ಮಗಳ ಕುಬಸ. ನಮ್ಮನಿಯವರಿಗೆ ಮಣಕಾಲು ನೋವು, ಗಾಡಿ ಹೊಡಿಲಿಕ್ಕೆ ಆಗೂದಿಲ್ಲ ಅಂದ್ರು. ಅದಕ್ಕ ನನ್ನ ತಂಗಿ ಮಗನ್ನ ಕರಕೊಂಡು ಧಾರವಾಡದಿಂದ ಹೊಂಟ್ವಿ. ಡಿಕ್ಕಿ ತುಂಬ ಉಂಡಿ ಡಬ್ಬಿ, ನನ್ನ ತೊಡಿ ಮ್ಯಾಲೆ ಹಸರ ಬಳಿ ಪೆಟ್ಟಿಗಿ. ಉಣಕಲ್ ಕೆರಿ ಹತ್ರ ಪೊಲೀಸರು ಕೈ ಮಾಡಿದ್ರು.

ಲೈಸೆನ್ಸು ತೋರಿಸಿದ, ಬೆಲ್ಟು ಹಾಕಿದ್ದ. ಎಲ್ಲಾ ಸರಿ ಅದ ಅಂತ ನಾವು ಕೂತಿದ್ವಿ. ಅವರು ಕೈಯಾಗಿನ ಮಶಿನ್ನಿಗೆ ನಂಬರು ಹೊಡದು ನೋಡಿ, "ಇನ್ಶೂರೆನ್ಸ್ ಮುಗದು ಮುವತ್ತೇಳು ದಿವಸ ಆಗ್ಯದ" ಅಂದ್ರು. ನಮ್ಮ ಹುಡುಗ, ನಾ ಬರೇ ಡ್ರೈವರ್ರಿ, ಗಾಡಿ ನಂದಲ್ಲ ಅಂದ. ಆ ಪೊಲೀಸರು ಹಿಂದಿನ ಸೀಟಿನ ಕಡೆ ಬಗ್ಗಿ ಭಾಳ ಮರ್ಯಾದಿಲೆ ಕೇಳಿದ್ರು, "ಅಕ್ಕಾರ, ಗಾಡಿ ನಿಮ್ಮ ಹೆಸರಲೆ ಅದ ಏನ್ರಿ?"

ಹೌದು, ನನ್ನ ಹೆಸರಲೆ ಅದ. 2021ರ ದಸರಾಕ್ಕ ತಗೊಂಡಾಗ, ಹೆಂಡತಿ ಹೆಸರಲೆ ಇದ್ರ ಲಕ್ಷ್ಮಿ ಬರ್ತಾಳ ಅಂತ ಯಾರೋ ಹೇಳಿದ್ರು. ಲಕ್ಷ್ಮಿ ಬಂದಳೋ ಬಿಟ್ಟಳೋ, ದಂಡದ ಚೀಟಿ ಮಾತ್ರ ನನ್ನ ಹೆಸರಿಗೆ ಬಂತು, 2,000 ರೂಪಾಯಿ.

ಗಾಡಿ ಮುಂದ ಹೊಂಟಿತು. ಹುಡುಗ ನಕ್ಕೋತ, "ಮಾಂಶಿ, ತಲಿ ಕೆಡಿಸ್ಕೋಬ್ಯಾಡ. ಇನ್ಶೂರೆನ್ಸ್ ಕಟ್ಟಿದ್ರ ಮೂರೂವರಿ ಸಾವಿರ, ಮ್ಯಾಲೆ ಜಿ.ಎಸ್.ಟಿ. ಬ್ಯಾರೆ. ದಂಡ ಎರಡ ಸಾವಿರ. ಸಿಗದಿದ್ರ ಅದೂ ಇಲ್ಲ. ದಂಡನ ಸೋವಿ" ಅಂದ. ಎಲ್ಲಾರೂ ನಕ್ಕರು, ನಾನೂ ನಕ್ಕೆ. ಕುಬಸದಾಗ ಹಾಡು, ಆರತಿ, ಊಟ ಎಲ್ಲಾ ಛಂದ ಆತು.

ರಾತ್ರಿ ಮನಿಗೆ ಬಂದು ಮಲಗಿದಾಗ ಆ "ಸೋವಿ" ಅನ್ನೂ ಮಾತು ಕಿವ್ಯಾಗ ಉಳೀತು. ಅದನ್ನ ನಾ ಸಣ್ಣಾಕಿ ಇದ್ದಾಗ ಒಬ್ಬರ ಬಾಯಾಗ ಕೇಳಿದ್ದೆ. ನಮ್ಮ ದೊಡ್ಡಪ್ಪನ ಬಾಯಾಗ.

ನಮ್ಮ ತೌರು ನವಲಗುಂದದ ಕಡೆ. ದೊಡ್ಡಪ್ಪನ ಹತ್ರ ಒಂದು ಹಳೇ ಜೀಪ್ ಇತ್ತು, ಯಾರೋ ಗುತ್ತಿಗೆದಾರರ ಕಡಿಂದ ತಗೊಂಡದ್ದು. ಹತ್ತಿ ಸುಗ್ಗಿಯೊಳಗ ಹಿಂದ ಟ್ರೇಲಿ ಕಟ್ಟಿ ಅಂಡಗಿ ಸಾಗಸ್ತಿದ್ರು, ಉಳಿದ ದಿವಸ ಅಂಗಳದಾಗ ನಿಂತಿರ್ತಿತ್ತು, ಕೋಳಿ ಅದರಾಗ ತತ್ತಿ ಇಡ್ತಿದ್ವು. 1978ರ ದೀಪಾವಳಿಗೆ ಅದರ ವಿಮಾ ಮುಗೀತು. ಪಾಲಿಸಿ ಕಾಗದ ಈಗ ನನ್ನ ಟ್ರಂಕಿನ್ಯಾಗ ಅದ, ವರ್ಷದ ಪ್ರೀಮಿಯಂ ಇನ್ನೂರು ರೂಪಾಯಿ ಒಳಗ. ನಮ್ಮಪ್ಪ ಕಟ್ಟೂಣು ಅಂದ್ರಂತ. ದೊಡ್ಡಪ್ಪ, "ಆರು ತಿಂಗಳು ನಿಲ್ಲೂ ಗಾಡಿಗೆ ವರ್ಷದ ವಿಮಾ ಯಾಕೋ? ಹಿಡದ್ರ ದಂಡ ಕೊಡೂಣಂತ, ಅದ ಸೋವಿ ಬೀಳ್ತದ" ಅಂದ್ರು. ನಾ ಆವಾಗ ಒಂಬತ್ತು ವರ್ಷದಾಕಿ, ಕಟ್ಟಿ ಮ್ಯಾಲೆ ಕೂತು ಶೇಂಗಾ ಸುಲೀತಿದ್ದೆ.

ಮುಂದಿನ ಮಾರ್ಚಿನ್ಯಾಗ ಅಣ್ಣಿಗೇರಿ ರಸ್ತೆ ಮ್ಯಾಲೆ ಆ ಜೀಪು ಒಬ್ಬ ಹಮಾಲನ್ನ ಹೊಡೀತು. ಹೊಡದಾಂವ ಪಗಾರಿನ ಡ್ರೈವರ್, ದೊಡ್ಡಪ್ಪ ಮನ್ಯಾಗ ಊಟಕ್ಕ ಕೂತಿದ್ರು. ಆ ಹಮಾಲ ಅಲ್ಲೇ ಹೋದ. ಮುವತ್ತು ವರ್ಷದಾಂವ. ಹೆಂಡತಿ, ಎರಡು ಕೂಸು.

ಆ ಕಥಿ ಮುಂದ ಹೇಳ್ತೇನಿ. ಅದಕ್ಕಿಂತ ಮೊದಲ, ಈ ವಿಮಾ ಕಡ್ಡಾಯ ಅನ್ನೂದು ಯಾವಾಗ ಬಂತು, ಯಾಕ ಬಂತು ಅನ್ನೂದು ಹೇಳಬೇಕು. ಕುಬಸದ ಮರುದಿವಸದಿಂದ ನಾ ಇದರ ಬೆನ್ನ ಹತ್ತೇನಿ. ನಮ್ಮ ಮೈದುನ ವಿಮಾ ಕಂಪನಿಯೊಳಗ ಇದ್ದು ರಿಟೈರ್ ಆದವರು, ಅವರಿಗೆ ಕೇಳಿದೆ. ನಮ್ಮ ಓಣ್ಯಾಗಿನ ವಕೀಲರ ಹೆಂಡತಿ ನನ್ನ ಹಪ್ಪಳದ ಗೆಳತಿ, ಅವರ ಮನಿಯಿಂದ ಪುಸ್ತಕ ತಂದೆ. ಪಿಯುಸಿ ಮುಗಿಸಿದ ಮ್ಯಾಲೆ ಇಷ್ಟು ದಪ್ಪನ ಪುಸ್ತಕ ನಾ ಹಿಡದಿದ್ದಿಲ್ಲ.

ಇಂಗ್ಲಂಡಿನ್ಯಾಗ ಮೊದಲನೇ ಮಹಾಯುದ್ಧ ಮುಗದ ಮ್ಯಾಲೆ ಮೋಟಾರು ಸಿಕ್ಕಾಪಟ್ಟೆ ಹೆಚ್ಚಾದವು. ಗಾಡಿ ಬಡದು ಕೈಕಾಲು ಕಳಕೊಂಡವರು ಕೋರ್ಟಿಗೆ ಹೋಗ್ತಿದ್ರು, ಗೆಲ್ಲತಿದ್ರು. ಆದ್ರ ಗೆದ್ದು ಏನು ಮಾಡೂದು? ಹೊಡದಾಂವನ ಹತ್ರ ರೊಕ್ಕ ಇರ್ತಿದ್ದಿಲ್ಲ. ಕೋರ್ಟಿನ ಹುಕುಂ ಕೈಯಾಗ, ಹೊಟ್ಟಿ ಖಾಲಿ. ಅದಕ್ಕ 1930ರಾಗ ಅಲ್ಲಿ ರಸ್ತೆ ಸಂಚಾರದ ಕಾಯ್ದೆ ಮಾಡಿ, ಗಾಡಿ ರಸ್ತೆಗೆ ಇಳಸಬೇಕಾದ್ರ ಮೂರನೇಯವರ ಸಲುವಾಗಿ ವಿಮಾ ಇರಲೇಬೇಕು ಅಂತ ಬರದ್ರು.

ಈ ಮೂರನೇಯವರು ಅಂದ್ರ ಯಾರು ಅಂತ ನನಗೂ ಇಷ್ಟು ವರ್ಷ ಗೊತ್ತಿದ್ದಿಲ್ಲ ಖರೇ ಹೇಳಬೇಕಂದ್ರ. ಥರ್ಡ್ ಪಾರ್ಟಿ, ಥರ್ಡ್ ಪಾರ್ಟಿ ಅಂತ ಎಲ್ಲಾರೂ ಅಂತಾರ. ಮೊದಲನೇಯವರು ಗಾಡಿ ಮಾಲಕರು, ಎರಡನೇಯವರು ವಿಮಾ ಕಂಪನಿ. ಆ ಕಾಗದಕ್ಕ ಸಹಿ ಮಾಡಲಾರದ, ಅದು ಇದ್ದದ್ದು ಸೈತ ಗೊತ್ತಿಲ್ಲದ, ರಸ್ತೆ ದಂಡಿಗೆ ಕೊತಂಬರಿ ಮಾರಕೋತ ಕೂತಾಕಿ ಮೂರನೇಯಾಕಿ. ಗಾಡಿಗೆ ಗೀರು ಬಿದ್ರ ರೊಕ್ಕ ಬರೂ ವಿಮಾ ಬ್ಯಾರೆ, ಅದು ಬೇಕಾದ್ರ ಮಾಡಸ್ರಿ, ಬಿಟ್ರ ಬಿಡ್ರಿ, ಕಾಯ್ದೆ ಕೇಳೂದಿಲ್ಲ. ಆಕಿ ಸಲುವಾಗಿ ಮಾಡಸೂದು ಮಾತ್ರ ಬಿಡಂಗಿಲ್ಲ.

ನಮ್ಮ ದೇಶದಾಗ 1939ರ ಮೋಟಾರು ವಾಹನ ಕಾಯ್ದೆಯ ಎಂಟನೇ ಅಧ್ಯಾಯದಾಗ ಇದ ಮಾತು ಬಂತು. ಧಾರವಾಡ ಆವಾಗ ಮುಂಬಯಿ ಪ್ರಾಂತದಾಗ ಇತ್ತು, ಬ್ರಿಟಿಷರ ಕಾಯ್ದೆ ನಮಗ ನೆಟ್ಟಗ ಲಾಗೂ ಆಗ್ತಿತ್ತು. ಕಾಯ್ದೆ 1939ರ ಜುಲೈದಾಗ ಬಂತು, ಆದ್ರ ವಿಮಾದ ಆ ಅಧ್ಯಾಯಕ್ಕ ಜೀವ ಬಂದದ್ದು 1946ರ ಜುಲೈ 1ಕ್ಕ. ನಡುವ ಏಳು ವರ್ಷ. ಎರಡನೇ ಮಹಾಯುದ್ಧ ಸುರುವಾಗಿ ಮುಗದ ಹೋಗಿತ್ತು. ಅಷ್ಟು ವರ್ಷ ಗಾಡಿ ಬಡದವರು ಏನು ಮಾಡಿರಬೇಕು ಅಂತ ನನಗ ಒಮ್ಮೊಮ್ಮೆ ಅನಸ್ತದ.

ಕಾಯ್ದೆ ಬಂದ ಮ್ಯಾಲೂ ಪರಿಹಾರ ಬೇಕಂದ್ರ ಸಿವಿಲ್ ಕೋರ್ಟಿಗೆ ಹೋಗಿ, ಕೇಳೂ ರೊಕ್ಕದ ಪ್ರಮಾಣದಾಗ ಕೋರ್ಟ್ ಫೀ ಕಟ್ಟಬೇಕಿತ್ತು. ಗಂಡನ್ನ ಕಳಕೊಂಡಾಕಿ ಎಲ್ಲಿಂದ ತರಬೇಕು? 1956ರಾಗ ತಿದ್ದುಪಡಿ ಮಾಡಿ ಮೋಟಾರು ಅಪಘಾತದ ಪರಿಹಾರಕ್ಕಂತನ ಬ್ಯಾರೆ ನ್ಯಾಯಮಂಡಳಿ ಮಾಡೂ ದಾರಿ ತಗದ್ರು. ನಮ್ಮ ಧಾರವಾಡ ಮೈಸೂರು ರಾಜ್ಯಕ್ಕ ಸೇರಿದ್ದೂ ಅದ ವರ್ಷ. ಮುಂದ 1973ರ ಜನವರಿ 1ಕ್ಕ ಖಾಸಗಿ ಸಾಮಾನ್ಯ ವಿಮಾ ಕಂಪನಿಗಳನ್ನೆಲ್ಲಾ ಸರ್ಕಾರ ತನ್ನ ಕೈಗೆ ತಗೊಂಡು ನಾಲ್ಕು ಕಂಪನಿ ಮಾಡಿತು: ನ್ಯಾಶನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ. ನಮ್ಮ ಮೈದುನ ನೌಕರಿಗೆ ಸೇರಿದ್ದು ಆಮ್ಯಾಲೆ. "ವೈನಿ, ಆವಾಗ ಜನ ನಮ್ಮನ್ನ ನೋಡಿ ಎಲ್.ಐ.ಸಿ.ಯವರು ಬಂದ್ರು ಅಂತಿದ್ರು, ಗಾಡಿ ವಿಮಾ ಬ್ಯಾರೆ ಅಂತ ತಿಳಿಸಿ ಹೇಳೂದರಾಗ ಸಾಕಾಗ್ತಿತ್ತು" ಅಂತ ಅವರು ಈಗೂ ನಗ್ತಾರ.

ಆ ಗೊಂದಲ ನಮ್ಮನ್ಯಾಗ ಈಗೂ ಇತ್ತು ಅನ್ನೂದು ನನಗ ದಂಡ ಬಿದ್ದಾಗ ಗೊತ್ತಾತು. ನಮ್ಮನಿಯವರು, "ಮುಗದು ಒಂದು ತಿಂಗಳತನಕ ನಡೀತದ ಅಲ್ಲ?" ಅಂದ್ರು. ಅದು ಜೀವ ವಿಮಾದ್ದು. ವರ್ಷಕ್ಕೊಮ್ಮೆ ಕಟ್ಟೂ ಎಲ್.ಐ.ಸಿ. ಕಂತಿಗೆ ಮುವತ್ತು ದಿವಸ ಸವಲತ್ತು ಅದ. ಗಾಡಿ ವಿಮಾಕ್ಕ ಒಂದು ದಿವಸನೂ ಇಲ್ಲ. ಮಧ್ಯರಾತ್ರಿ ಹನ್ನೆರಡಕ್ಕ ಮುಗೀತಂದ್ರ ಮುಗೀತು, ಬೆಳಿಗ್ಗೆ ಹಾಲು ತರಲಿಕ್ಕೆ ಗಾಡಿ ತಗದ್ರ ಅದು ವಿಮಾ ಇಲ್ಲದ ಗಾಡಿನ. ಮೂರು ತಿಂಗಳೊಳಗ ಮತ್ತ ಮಾಡಸಿದ್ರ ಸ್ವಂತ ಗಾಡಿ ವಿಮಾದ ನೋ ಕ್ಲೇಮ್ ರಿಯಾಯಿತಿ ಉಳೀತದ, ಅಷ್ಟ. ಆ ನಡುವಿನ ದಿವಸದಾಗ ಏನರ ಆದ್ರ ಕಂಪನಿ ತಿರುಗಿ ನೋಡೂದಿಲ್ಲ.

ಈಗ ದೊಡ್ಡಪ್ಪನ ಕಥಿಗೆ ಬರ್ತೇನಿ.

ಅಪಘಾತ ಆದ ದಿವಸ ಸಂಜಿಕ್ಕ ನಮ್ಮನಿ ಕಟ್ಟಿ ಮ್ಯಾಲೆ ಊರಿನ ಹಿರಿಯರು ಕೂತಿದ್ರು. ಅದರಾಗ ಒಬ್ಬರು, "ಈಗಿಂದೀಗ ಧಾರವಾಡಕ್ಕ ಹೋಗಿ ವಿಮಾ ಮಾಡಿಸಿ ಬಿಡ್ರಿ, ತಾರೀಖು ಇವತ್ತಿಂದ ಬೀಳ್ತದ" ಅಂದ್ರು. ದೊಡ್ಡಪ್ಪ ಎದ್ದೇಬಿಟ್ಟಿದ್ರು. ನಮ್ಮಪ್ಪ ತಡದ್ರು, ಅದು ಆಗೂ ಮಾತಲ್ಲ ಅಂದ್ರು. ನಾ ಈಗ ಪುಸ್ತಕ ಓದಿದ ಮ್ಯಾಲೆ ಗೊತ್ತಾತು, ಹಂಗ ಮಾಡಿದವರು ದೇಶದಾಗ ಭಾಳ ಮಂದಿ ಇದ್ರು, ಅದು ಸುಪ್ರೀಂ ಕೋರ್ಟಿನತನಕ ಹೋಗಿತ್ತು ಅಂತ. 1990ರ ರಾಮ್ ದಯಾಳ್ ಪ್ರಕರಣದಾಗ ಕೋರ್ಟು, ಪಾಲಿಸಿ ಮ್ಯಾಲೆ ಬರೇ ತಾರೀಖು ಇದ್ದು ವೇಳ್ಯಾ ಇಲ್ಲದಿದ್ರ ಅದು ಆ ದಿವಸ ಸುರುವಾದಾಗಿಂದನ ಲೆಕ್ಕಕ್ಕ ಬರ್ತದ ಅಂದಿತು. ಆಮ್ಯಾಲೆ ಪಾಲಿಸಿ ಮ್ಯಾಲೆ ವೇಳ್ಯಾ ಇದ್ದ ಪ್ರಕರಣನೂ ಬಂತು: ಅಪಘಾತ ಮೊದಲ ಆಗಿತ್ತು, ಪಾಲಿಸಿ ಅದ ದಿವಸ ಆಮ್ಯಾಲೆ ತಗೊಂಡದ್ದು. ವೇಳ್ಯಾ ಬರದಿದ್ರ ಆ ವೇಳ್ಯಾದಿಂದನ ಸುರು, ಅದಕ್ಕಿಂತ ಮೊದಲಿನದಕ್ಕ ಇಲ್ಲ ಅಂತ ಆತು. ನಿಮ್ಮ ಪಾಲಿಸಿ ತಗದು ನೋಡ್ರಿ, ತಾರೀಖಿನ ಬಾಜೂಕ ಗಂಟಿನೂ ಇರ್ತದ. ಅದರ ಹಿಂದ ಇಂಥಾ ಜಗಳ ಅವ.

ಕೇಸು ಧಾರವಾಡದ ನ್ಯಾಯಮಂಡಳಿಯೊಳಗ ನಡೀತು. ಸಾಮಾನ್ಯವಾಗಿ ಇಂಥ ಕೇಸಿನ್ಯಾಗ ಡ್ರೈವರ್, ಮಾಲಕ, ವಿಮಾ ಕಂಪನಿ ಮೂವರ ಮ್ಯಾಲೆ ದಾವೆ ಇರ್ತದ, ಕಡೀಕ ರೊಕ್ಕ ಕೊಡಾಂವ ಕಂಪನಿಯಾಂವ. ನಮ್ಮ ಕಾಗದದಾಗ ಮೂರನೇ ಹೆಸರಿನ ಜಾಗಾ ಇಲ್ಲ. ಡ್ರೈವರ್ ಪಾಪ ಬಡವ. ಉಳದವರು ದೊಡ್ಡಪ್ಪ ಒಬ್ಬರ. 1983ರಾಗ ತೀರ್ಪು ಬಂತು, 28,000 ರೂಪಾಯಿ, ಮ್ಯಾಲೆ ವರ್ಷಕ್ಕ ನೂರಕ್ಕ ಆರರಂಗ ಬಡ್ಡಿ. ಗಾಡಿ ನಾ ಹೊಡದಿಲ್ಲ, ನಾ ಯಾಕ ಕೊಡಬೇಕು ಅಂತ ದೊಡ್ಡಪ್ಪ ಹಟ ಹಿಡದು ಎರಡು ವರ್ಷ ದೂಡಿದ್ರು. ಬಡ್ಡಿ ಮಾತ್ರ ನಿಲ್ಲಲಿಲ್ಲ.

ಅಂಥ ರೊಕ್ಕ ಕೊಡಲಿಲ್ಲಂದ್ರ ಅದನ್ನ ಭೂಕಂದಾಯದ ಬಾಕಿಗತೆ ವಸೂಲಿ ಮಾಡಬಹುದು ಅಂತ ಕಾಯ್ದೆಯೊಳಗನ ಅದ, ಈಗಿನ ಕಾಯ್ದೆಯೊಳಗೂ ಅದ. 1985ರಾಗ ತಲಾಠಿ ಬಂದ್ರು. ಅವರು ನಮ್ಮನ್ಯಾಗ ಚಾ ಕುಡದು ಹೋಗೂ ಮನಷಾ, ಅವತ್ತು ಚಾ ಮುಟ್ಟಲಿಲ್ಲ. ಹಳ್ಳದ ಕಡೆ ನಾಲ್ಕು ಎಕರೆ ಎರಿ ಹೊಲ, ನಮ್ಮಜ್ಜ ಕಡ್ಲಿ, ಜ್ವಾಳ, ಹತ್ತಿ ಬೆಳದ ಹೊಲ. ಹರಾಜಿಗೆ ಬರೂಕಿಂತ ಮೊದಲ ಮಾರಿದ್ರ ಮರ್ಯಾದಿ ಉಳೀತದ ಅಂತ ಅದನ್ನ ಮಾರಿದ್ರು. ಬಡ್ಡಿ ಹಿಡದು 38,000 ಚಿಲ್ಲರ ಆಗಿತ್ತು, ವಕೀಲರ ಫೀ ಬ್ಯಾರೆ. ಕಡಿಮಿ ಬಿದ್ದದ್ದಕ್ಕ ನಮ್ಮ ದೊಡ್ಡವ್ವನ ಪಾಟಲಿ ಹೋದ್ವು. ಆಕಿ ಅದರ ಬಗ್ಗೆ ಸಾಯೂತನಕ ಒಂದು ಮಾತು ಆಡಲಿಲ್ಲ. ಪಾಟಲಿ ಇದ್ದ ಕೈಯನ್ನ ಮಾತ್ರ ಸೆರಗಿನ್ಯಾಗ ಇಟಗೊಂಡು ಕೂಡ್ತಿದ್ದಳು, ಅದು ನನಗ ಈಗೂ ಕಣ್ಣಿಗೆ ಕಟ್ಟಿಧಾಂಗ ಅದ.

ಜೀಪು? ಅದು ಗುಜರಿಗೆ ಹೋತು.

ಅಪಘಾತ ಇನ್ನೊಂದು ಮೂರೂವರಿ ವರ್ಷ ತಡಾ ಆಗಿದ್ರ ಆಕಿಗೆ ಸ್ವಲ್ಪ ರೊಕ್ಕರ ಲಗೂ ಸಿಗ್ತಿತ್ತು. 1982ರ ಅಕ್ಟೋಬರಿನಿಂದ ತಪ್ಪು ಯಾರದು ಅಂತ ತೀರ್ಮಾನ ಆಗೂಕಿಂತ ಮೊದಲ, ಸತ್ತವರ ಮನಿಗೆ 15,000 ರೂಪಾಯಿ ಕೊಡಬೇಕು ಅಂತ ಆತು. ಗುದ್ದಿ ಓಡಿಹೋದ, ಗುರುತು ಸಿಗಲಾರದ ಗಾಡಿ ಆದ್ರ ಸರ್ಕಾರದ ನಿಧಿಯಿಂದ 5,000. ಇದ ನಿಧಿಯ ರೊಕ್ಕ ಹೆಚ್ಚಾಗಿ 2022ರ ಏಪ್ರಿಲ್ 1ರಿಂದ 2 ಲಕ್ಷ ಆಗ್ಯದ. ಆದ್ರ ವಿಚಿತ್ರ ನೋಡ್ರಿ, ಗುದ್ದಿದ ಗಾಡಿ ಸಿಕ್ಕು, ಮಾಲಕನ ಹೆಸರು ಗೊತ್ತಿದ್ದು, ಅದಕ್ಕ ವಿಮಾ ಇರಲಿಲ್ಲಂದ್ರ ಆ ನಿಧಿ ಬರ್ತಿದ್ದಿಲ್ಲ. ಮಾಲಕನ ಮನಿ ಬಾಗಲದಾಗ ನಿಲ್ಲಬೇಕು. ಗುರುತು ಸಿಕ್ಕದ್ದ ತಪ್ಪಾಗಿ ಬಿಡ್ತಿತ್ತು.

ಈಗ ನಮಗ ಲಾಗೂ ಇರೂದು 1988ರ ಕಾಯ್ದೆ, 1989ರ ಜುಲೈ 1ಕ್ಕ ಜಾರಿಗೆ ಬಂದದ್ದು. ವಿಮಾ ಇಲ್ಲದ ಗಾಡಿ ಹೊಡದ್ರ ಮೂರು ತಿಂಗಳತನಕ ಸೆರೆಮನಿ, ಇಲ್ಲಾ 1,000 ರೂಪಾಯಿತನಕ ದಂಡ, ಇಲ್ಲಾ ಎರಡೂ. ನಮ್ಮ ಲಗ್ನ 1990ರಾಗ ಆತು, ಆವಾಗ ನಮ್ಮನಿಯವರ ಪಗಾರ 1,600. ಅವತ್ತಿನ ಸಾವಿರ ಅಂದ್ರ ಅರ್ಧಕ್ಕಿಂತ ಹೆಚ್ಚು ಪಗಾರ, ಎದಿ ಝಲ್ಲಂತಿತ್ತು. ಆ ಸಾವಿರ ಮುವತ್ತು ವರ್ಷ ಹಂಗ ಉಳೀತು. ಬಂಗಾರ ಏರಿತು, ಬ್ಯಾಳಿ ಏರಿತು, ಪ್ರೀಮಿಯಂ ಏರಿತು, ದಂಡ ಏರಲಿಲ್ಲ. 2019ರ ಸಪ್ಟೆಂಬರ್ 1ರಿಂದ ಅದು ಮೊದಲನೇ ಸಲಕ್ಕ 2,000, ಎರಡನೇ ಸಲಕ್ಕ 4,000 ಆತು. ಸೆರೆಮನಿ ಮಾತು ಹಂಗ ಅದ. ಆವಾಗ ಟಿವಿಯೊಳಗ ಎಷ್ಟು ಗದ್ದಲ ಆಗಿತ್ತು ನೆನಪದ ಅಲ್ಲ? ನಮ್ಮ ಕರ್ನಾಟಕದಾಗ ಅದ ತಿಂಗಳು ಕೆಲವು ದಂಡ ಇಳಿಸಿದ್ರು ಸೈತ.

ನಮ್ಮ ಹುಡುಗ ಹೇಳಿದ ಲೆಕ್ಕ ಇಲ್ಲಿಂದನ ಬಂದದ್ದು. 2022ರ ಜೂನ್‌ದಿಂದ ಜಾರಿಗೆ ಬಂದ ದರದ ಪ್ರಕಾರ ಸಾವಿರದಿಂದ ಸಾವಿರದ ಐನೂರು ಸಿ.ಸಿ. ಒಳಗಿನ ಮನಿ ಕಾರಿಗೆ ಮೂರನೇಯವರ ವಿಮಾ ವರ್ಷಕ್ಕ 3,416, ಅದಕ್ಕಿಂತ ಸಣ್ಣ ಕಾರಿಗೆ 2,094. ದಂಡದ ಜೋಡಿ ತೂಗಿದ್ರ ಹುಡುಗ ಸುಳ್ಳು ಹೇಳಿಲ್ಲ. ಆದ್ರ ಅಂವ ತಕ್ಕಡಿಯೊಳಗ ಇಟ್ಟದ್ದ ತಪ್ಪು ಸಾಮಾನು. ಪೊಲೀಸರ ಕೈಗೆ ಸಿಕ್ಕು ದಂಡ ಕಟ್ಟೂದು ಅಂದ್ರ, ಏನೂ ಅನಾಹುತ ಆಗಲಾರದ ಸಿಕ್ಕದ್ದು. ನಮಗ ಉಣಕಲ್ ಕೆರಿ ಹತ್ರ ಪೊಲೀಸರು ಸಿಕ್ಕರು. ದೊಡ್ಡಪ್ಪಗ ಅಣ್ಣಿಗೇರಿ ರಸ್ತೆ ಮ್ಯಾಲೆ ಹಮಾಲ ಸಿಕ್ಕ.

ಈಗ ನಮ್ಮ ಹೆಣ್ಣಮಕ್ಕಳ ಮಾತು. ಕಾಯ್ದೆಯೊಳಗ ವಿಮಾ ಇಲ್ಲದ ಗಾಡಿ ಹೊಡದಾಂವಗಷ್ಟ ಶಿಕ್ಷಾ ಅಂತ ಬರದಿಲ್ಲ, ಹೊಡಸಿದವರಿಗೆ, ಹೊಡಿಲಿಕ್ಕೆ ಬಿಟ್ಟವರಿಗೂ ಅದ. ನಮ್ಮ ಓಣ್ಯಾಗ ಲೆಕ್ಕ ಹಾಕಿದೆ, ಒಂಬತ್ತು ಮನ್ಯಾಗ ಗಾಡಿ ಹೆಂಗಸರ ಹೆಸರಲೆ ಅವ. ಅದರಾಗ ಏಳು ಮಂದಿಗೆ ಗಾಡಿ ಹೊಡಿಲಿಕ್ಕೆ ಬರೂದಿಲ್ಲ, ವಿಮಾ ಯಾವಾಗ ಮುಗೀತದ ಅಂತ ಒಬ್ಬರಿಗೂ ಗೊತ್ತಿಲ್ಲ. ನನಗೂ ಗೊತ್ತಿದ್ದಿಲ್ಲ, ನಾ ಏನು ದೊಡ್ಡ ಶಾಣ್ಯಾಕಿ ಅಲ್ಲ.

ಇನ್ನೊಂದು. ಹಳೇ ಸ್ಕೂಟರ್ ಮಾರಿರ್ತೀರಿ, ತಗೊಂಡಾಂವ ಹೆಸರು ಬದಲಿ ಮಾಡಸ್ತೇನಿ ಅಂತ ಹೇಳಿ ಹೋಗಿರ್ತಾನ. ಅಂವ ಅದನ್ನ ಮತ್ತೊಬ್ಬಗ ಮಾರಿರ್ತಾನ. 2018ರ ಫೆಬ್ರುವರಿಯೊಳಗ ನವೀನ್ ಕುಮಾರ್ ಅನ್ನೂ ಪ್ರಕರಣದಾಗ ಸುಪ್ರೀಂ ಕೋರ್ಟು, ಆರ್.ಟಿ.ಓ. ಪುಸ್ತಕದಾಗ ಯಾರ ಹೆಸರು ಅದ ಅವರ ಮಾಲಕರು, ಗಾಡಿ ಎಷ್ಟು ಕೈ ದಾಟಿದ್ರೂ ಪರಿಹಾರ ಅವರ ಕೊಡಬೇಕು ಅಂದದ. ನನ್ನ ನಾದಿನಿಗೆ ಇದನ್ನ ಹೇಳಿದ ದಿವಸನ ಆಕಿ ಹದಿಮೂರು ವರ್ಷದ ಹಿಂದ ಮಾರಿದ ಲೂನಾದ ಕಾಗದ ಹುಡುಕಲಿಕ್ಕೆ ಕೂತಳು. ಇನ್ನೂ ಸಿಕ್ಕಿಲ್ಲ.

2018 ಇದರಾಗ ಭಾಳ ಮುಖ್ಯ ವರ್ಷ. ರಸ್ತೆ ಸುರಕ್ಷತಾದ ಪ್ರಕರಣದಾಗ ಸುಪ್ರೀಂ ಕೋರ್ಟು ಹುಕುಂ ಮಾಡಿ, ಆ ವರ್ಷದ ಸಪ್ಟೆಂಬರ್ 1ರಿಂದ ಹೊಸಾ ಕಾರಿಗೆ ಮೂರು ವರ್ಷದ್ದು, ದ್ವಿಚಕ್ರಕ್ಕ ಐದು ವರ್ಷದ್ದು ಮೂರನೇಯವರ ವಿಮಾ ತಗೊಳ್ಳೂ ಮುಂದನ ಕಟ್ಟಬೇಕು ಅಂತ ಮಾಡಿತು. ಮೊದಲನೇ ವರ್ಷ ಕಟ್ಟಿ ಆಮ್ಯಾಲೆ ಬಿಟ್ಟುಬಿಡೂ ಮಂದಿ ಹೆಚ್ಚಿದ್ರು, ಅದಕ್ಕ. ಛಲೋ ಹುಕುಂ. ಆದ್ರ ನಮ್ಮನ್ಯಾಗ ಅದರಿಂದನ ಮರವು ಬಂತು. 2021ಕ್ಕ ಮೂರು ವರ್ಷದ್ದು ಕಟ್ಟಿದ್ವಿ, ಸ್ವಂತ ಗಾಡಿ ವಿಮಾ ಒಂದ ವರ್ಷಕ್ಕ ಬಿಟ್ಟಿವಿ, ಮತ್ತ ವರ್ಷಾ ವರ್ಷಾ ಕಟ್ಟೂ ರೂಢಿನ ತಪ್ಪಿತು. ನೆನಪಿಸೂ ಮೆಸೇಜು ನಮ್ಮನಿಯವರ ಹಳೇ ನಂಬರಿಗೆ ಬರ್ತಿತ್ತು, ಆ ಸಿಮ್ಮು ಎಲ್ಲಿ ಬಿದ್ದದ ದೇವರಿಗೇ ಗೊತ್ತು.

ಅದ ವರ್ಷದ ಸಪ್ಟೆಂಬರಿನ್ಯಾಗ ಉಷಾ ದೇವಿ ಅನ್ನೂ ಪ್ರಕರಣದಾಗ ಇನ್ನೊಂದು ಹುಕುಂ ಆತು. ವಿಮಾ ಇಲ್ಲದ ಗಾಡಿಯಿಂದ ಯಾರರ ಸತ್ತರ, ಪೆಟ್ಟಾದ್ರ ಆ ಗಾಡಿಯನ್ನ ಮಾಲಕರಿಗೆ ಹಂಗ ಬಿಡಬಾರದು, ಪರಿಹಾರ ಕೊಡತೇನಿ ಅಂತ ತಕ್ಕಷ್ಟು ಭದ್ರತಾ ಇಡಬೇಕು, ಇಲ್ಲಂದ್ರ ಮೂರು ತಿಂಗಳ ಮ್ಯಾಲೆ ಹರಾಜು ಹಾಕಿ ರೊಕ್ಕ ನ್ಯಾಯಮಂಡಳಿಗೆ ಕಟ್ಟಬೇಕು ಅಂತ ದಿಲ್ಲಿಯೊಳಗ ಒಂದು ನಿಯಮ ಇತ್ತು. ಅದನ್ನ ಎಲ್ಲಾ ರಾಜ್ಯದವರೂ ಮಾಡ್ರಿ ಅಂದ್ರು. ಈಗ ನಮ್ಮ ಕರ್ನಾಟಕದ ಮೋಟಾರು ನಿಯಮದಾಗೂ ಅಂಥಾದ್ದ ಅದ. ದೊಡ್ಡಪ್ಪನ ಕಾಲಕ್ಕ ಜೀಪು ಒಂದು ತಿಂಗಳಿಗೆ ಮನಿಗೆ ಬಂದಿತ್ತು, ಮತ್ತ ಹತ್ತಿ ಹೊತ್ತಿತ್ತು. ಆವಾಗ ಹೊಲ ಕೇಳಿದವರು ಈಗ ಮೊದಲ ಗಾಡಿನ ಕೇಳ್ತಾರ. ಗಾಡಿ ಮಾರಿದ ರೊಕ್ಕ ಸಾಲದಿದ್ರ ಮನಿ, ಹೊಲ ಇದ್ದ ಅವ.

ಪರಿಹಾರ ಎಷ್ಟಾಗ್ತದ ಅಂತ ಕೇಳಿದ್ರ, ಸತ್ತವರ ವಯಸ್ಸು, ಗಳಿಕಿ, ಅವರ ಮ್ಯಾಲೆ ಎಷ್ಟು ಮಂದಿ ಇದ್ರು, ಎಲ್ಲಾ ಹಿಡದು ಲೆಕ್ಕ ಹಾಕ್ತಾರ. ದುಡಿಯೂ ವಯಸ್ಸಿನವರಾದ್ರ ಹತ್ತಾರು ಲಕ್ಷಕ್ಕ ಹೋಗ್ತದ. ಇಲ್ಲಿ ನಾ ಒಂದು ಕಡೆ ಪುಸ್ತಕ ಮುಚ್ಚಿ ಕೂತೆ. 1994ರಾಗ ಕಾಯ್ದೆಗೆ ಒಂದು ಕೋಷ್ಟಕ ಸೇರಿಸಿದ್ರು, ಅದರಾಗ ಗಳಿಕಿ ಇಲ್ಲದವರದ್ದು ವರ್ಷಕ್ಕ 15,000 ಅಂತ ಹಿಡೀಬೇಕು, ಗಳಸಲಾರದ ಹೆಂಡತಿ ಆದ್ರ ಗಂಡನ ಗಳಿಕಿಯ ಮೂರನೇ ಒಂದು ಪಾಲು ಅಂತ ಬರದಿದ್ರು. ನಮ್ಮ ಬೆಳಗಿನ ಐದರಿಂದ ರಾತ್ರಿ ಹನ್ನೊಂದು, ಮೂರನೇ ಒಂದು ಪಾಲು! 2010ರಾಗ ಅರುಣ್ ಕುಮಾರ್ ಅಗರ್‌ವಾಲ್ ಪ್ರಕರಣದಾಗ ಸುಪ್ರೀಂ ಕೋರ್ಟು ಮನಿ ಹೆಣ್ಣಮಗಳ ದುಡಿಮಿಗೆ ಬೆಲಿ ಇಲ್ಲ ಅನ್ನೂ ತಿಳುವಳಿಕಿನ ತಪ್ಪು ಅಂದಿತು, 2021ರ ಜನವರಿಯೊಳಗ ಕೀರ್ತಿ ಅನ್ನೂ ಪ್ರಕರಣದಾಗ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಮನಿಗೆಲಸದ ಬೆಲಿ ಬಗ್ಗೆ ವಿಸ್ತಾರವಾಗಿ ಬರದಾರ. ನಮಗೂ ಒಂದು ಲೆಕ್ಕ ಅದ ಅಂತ ಆತು. ಆದ್ರ ನಮ್ಮನ್ನ ಬಡದ ಗಾಡಿಗೆ ವಿಮಾ ಇದ್ರ ಆ ಲೆಕ್ಕ. ಇಲ್ಲದಿದ್ರ ಕಾಗದ.

ನಾ ಇಷ್ಟು ವರ್ಷ ಆ ಹಮಾಲನ ಹೆಂಡತಿ ಬಗ್ಗೆ ಏನು ಅಂದುಕೊಂಡಿದ್ದೆ ಅಂತ ಬರಿಲಿಕ್ಕೆ ನಾಚಿಕಿ ಬರ್ತದ. ನಮ್ಮನ್ಯಾಗ ಆಕಿ ಹೆಸರು ಯಾರೂ ತಗೀತಿದ್ದಿಲ್ಲ. "ಹೊಲ ನುಂಗಿದಾಕಿ" ಅಂತಿದ್ರು. ನಾನೂ ಹಂಗ ಅಂದೇನಿ. ಕಾಲೇಜಿಗೆ ಹೋಗೂ ಮುಂದ ಅಣ್ಣಿಗೇರಿಯೊಳಗ ಒಮ್ಮೆ ಬಸ್ಸಿನ್ಯಾಗ ಆಕಿ ಏರಿದಾಗ ನಾ ಮುಖ ತಿರುವಿ ಕಿಡಕ್ಯಾಗ ನೋಡಕೋತ ಕೂತಿದ್ದೆ. ಆಕಿ ಕೈಯಾಗ ಜ್ವಾಳದ ಚೀಲ ಇತ್ತು, ಜಾಗಾ ಸಿಗಲಿಲ್ಲ, ನಿಂತಕೊಂಡ ಬಂದಳು. ಟ್ರಂಕಿನ್ಯಾಗಿನ ಕಾಗದ ನಾ ಈಗ ಮೊದಲನೇ ಸಲ ಪೂರಾ ಓದಿದೆ. ಅದರಾಗ ಆಕಿ ವಯಸ್ಸು ಬರದಾರ, ಗಂಡ ಸತ್ತಾಗ ಇಪ್ಪತ್ತಾರು. ಮಕ್ಕಳಿಗೆ ಒಂಬತ್ತು, ಆರು. ಒಂಬತ್ತು ಅಂದ್ರ ನನ್ನ ವಾರಿಗಿ. 1979ರ ಮಾರ್ಚಿನಿಂದ 1985ರತನಕ ಆಕಿಗೆ ಒಂದು ಪೈಸಾ ಹೋಗಿಲ್ಲ, ಆರು ವರ್ಷ ಆಕಿ ಹೆಂಗ ಮಕ್ಕಳಿಗೆ ಉಣಿಸಿದಳು ಅಂತ ನಮ್ಮನಿ ಕಟ್ಟಿ ಮ್ಯಾಲೆ ಕೂತವರು ಒಬ್ಬರೂ ಕೇಳಿರಲಿಲ್ಲ. ನಾವು ಹೊಲದ ಲೆಕ್ಕ ಇಟ್ಟಿದ್ವಿ. ವರ್ಷದ ಇನ್ನೂರು ರೂಪಾಯಿ ಕಟ್ಟಿದ್ರ ಹೊಲನೂ ಉಳೀತಿತ್ತು, ಆಕಿ ರೊಕ್ಕನೂ ಆಕಿಗೆ ಹೊತ್ತಿಗೆ ಸಿಗ್ತಿತ್ತು.

ಕುಬಸದಿಂದ ಬಂದ ಮರುದಿವಸನ ಮೈದುನರ ಕಡಿಂದ ಮೊಬೈಲಿನ್ಯಾಗ ವಿಮಾ ಮಾಡಿಸಿದೆ, ನನ್ನ ನಂಬರು ಹಾಕಿಸಿದೆ. ಪಾಲಿಸಿ ಮ್ಯಾಲೆ ವೇಳ್ಯಾ ಬಂದದ, ಮುಂಜಾನೆ 11.42. ಅದರ ಪ್ರಿಂಟು ಅಡಗಿಮನಿ ಕ್ಯಾಲೆಂಡರಿನ ಹಿಂದ ಸಿಗಿಸೇನಿ, ಗ್ಯಾಸಿನ ಪುಸ್ತಕದ ಜೋಡಿ. ಹುಡುಗಗ ಇದನ್ನೆಲ್ಲಾ ಹೇಳಿದೆ, ಅಂವ ಸುಮ್ಮನ ಕೇಳಿದ. ಆಮ್ಯಾಲೆ ತನ್ನ ಬೈಕಿನ ಕಾಗದ ತಗದು ನೋಡಿದ, ಮುಗದು ಎರಡು ತಿಂಗಳಾಗಿತ್ತು.

ಸಂಕ್ರಾಂತಿಗೆ ತೌರಿಗೆ ಹೋದಾಗ ನಮ್ಮ ದೊಡ್ಡಪ್ಪನ ಮಗ ಅಣ್ಣಾಗ ಆಕಿ ಬಗ್ಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ್ರು. ಆಕಿ ಹೋಗಿ ನಾಲ್ಕು ವರ್ಷ ಆತಂತ. ನ್ಯಾಯಮಂಡಳಿ ಮಕ್ಕಳ ಪಾಲಿನ ರೊಕ್ಕ ಬ್ಯಾಂಕಿನ್ಯಾಗ ಇಡಿಸಿತ್ತು, ಸಣ್ಣಾಂವಗ ಹದಿನೆಂಟು ತುಂಬಿದಾಗ 1991ರಾಗ ಕಡೇದ್ದು ಬಂತಂತ. ಅದರಾಗ ಮನಿ ಮ್ಯಾಲಿನ ಮಣ್ಣಿನ ಮಾಳಗಿ ತಗದು ಹಂಚು ಹೊಚ್ಚಿಸಿದ್ರು. ಅಣ್ಣಿಗೇರಿ ಸ್ಟ್ಯಾಂಡಿನ ಹಿಂದ ಈಗೂ ಅದ ಆ ಮನಿ, ಹಂಚು ಅವ ಅವ ಅಂದ್ರು ಅಣ್ಣ.